ಸತ್ತವರಿಗಾಗಿ ಬದುಕಿರುವವರು ಏನು ಮಾಡಬಹುದು?

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಹುಟ್ಟೂರು. ಶರಣರ ಬಟ್ಟೆಗಳನ್ನು ಮಡಿ ಮಾಡುವುದು ಅವರ ಕಾಯಕವಾಗಿತ್ತು. ಬಟ್ಟೆಯ ಕೊಳೆಯನ್ನು ಹಳ್ಳದ ನೀರಿನಲ್ಲಿ ತೊಳೆಯಬಹುದು. ಆತ್ಮಕ್ಕೆ ಅಂಟಿದ ಕೊಳೆ ಬದುಕಿರುವಾಗಲೇ ಪೂರ್ತಿಯಾಗಿ ಹೋಗದಿದ್ದರೆ ಏನು ಗತಿ? ಸಾವಿನ ನಂತರ ಅದನ್ನು ತೊಳೆಯುವ ಅವಕಾಶವಿದೆಯೇ? ಆ ಕೆಲಸಕ್ಕೆ ಬದುಕಿರುವವರು ನೆರವಾಗಬಹುದೇ? ಯುರೋಪಿನ ಕ್ರೈಸ್ತ ಜಗತ್ತು ಎರಡಾಗಿ ಒಡೆಯಲು ಕಾರಣವಾದ ಪ್ರಶ್ನೆಗಳಲ್ಲಿ ಇವೂ ಸೇರಿದ್ದವು.

ಆ ಎರಡೂ ಪಂಥಗಳು ನಮ್ಮ ಉತ್ತರ ಕರ್ನಾಟಕಕ್ಕೂ ಬಂದವು. ಮುದ್ದೇಬಿಹಾಳದ ಕಡೆಯಿಂದ ಕೃಷ್ಣೆಯನ್ನು ದಾಟಿ ಹೋದರೆ ಸಿಗುವ ಮುದಗಲ್ಲು ಮೊಹರಮ್ಮಿಗೆ ಹೆಸರಾದ ಊರು. ಅದೇ ಊರಿನಲ್ಲಿ ಹಳೆಯ ಕ್ಯಾಥೋಲಿಕ್ ನೆಲೆಯೂ ಇದೆ. ಅಲ್ಲಿನ ಇಗರ್ಜಿಯನ್ನು ಜೆಸ್ವಿತರು 1557ಕ್ಕೆ ಮುಂಚೆಯೇ ಕಟ್ಟಿದರೆಂದು ಬ್ರಿಟಿಷ್ ಕಾಲದ ಗೆಜೆಟಿಯರ್ ದಾಖಲಿಸುತ್ತದೆ. ಪ್ರೊಟೆಸ್ಟೆಂಟರು ಬಂದದ್ದು ಬಹಳ ತಡವಾಗಿ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಶನ್, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂತು. ಮುಂದೆ ಗುಳೇದಗುಡ್ಡ, ವಿಜಯಪುರಗಳಿಗೂ ಹಬ್ಬಿತು.

ಕ್ಯಾಥೋಲಿಕರ ನಂಬಿಕೆ ಹೀಗಿದೆ. ದೇವರು ಪಾಪವನ್ನು ಕ್ಷಮಿಸಿದರೂ ಅದರ ಕಲೆ, ಅದಕ್ಕೆ ತೆರಬೇಕಾದ ಪ್ರಾಯಶ್ಚಿತ್ತ ಉಳಿದಿರಬಹುದು. ದೇವರ ಸ್ನೇಹದಲ್ಲೇ ತೀರಿಕೊಂಡರೂ ಪೂರ್ಣ ಶುದ್ಧರಾಗದವರು ಸ್ವರ್ಗಕ್ಕೆ ಮುಂಚೆ ಶುದ್ಧೀಕರಣಕ್ಕೆ ಒಳಗಾಗುತ್ತಾರೆ. ಇದನ್ನೇ 'ಪರ್ಗೇಟರಿ' ಎನ್ನುತ್ತಾರೆ. ಇದು ಸ್ವರ್ಗ-ನರಕಗಳ ನಡುವಿನ ಮೂರನೇ ಲೋಕವೆಂದೋ, ಸತ್ತವರಿಗೆ ಸಿಗುವ ಇನ್ನೊಂದು ಅವಕಾಶವೆಂದೋ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅಲ್ಲಿರುವವರೆಲ್ಲರೂ ಸ್ವರ್ಗಕ್ಕೆ ಹೋಗುವವರೇ. ಬದುಕಿರುವವರ ಪ್ರಾರ್ಥನೆ, ದಾನ ಮತ್ತು ಬಲಿಪೂಜೆಗಳಿಂದ ಅವರಿಗೆ ನೆರವಾಗುತ್ತದೆ ಎಂಬುದು ಈ ನಂಬಿಕೆಯ ಇನ್ನೊಂದು ಮುಖ.

ಇದಕ್ಕೆ ಆಧಾರವಾಗಿ ಅವರು ಮಕ್ಕಬಿಯರ ಎರಡನೇ ಗ್ರಂಥವನ್ನು ತೋರಿಸುತ್ತಾರೆ. ಯುದ್ಧದಲ್ಲಿ ಮಡಿದ ಯೆಹೂದಿ ಯೋಧರ ಉಡುಪಿನೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕಾಗ, ದಳಪತಿ ಯೂದನು ಹಣ ಕೂಡಿಸಿ ಅವರ ಪಾಪಕ್ಕಾಗಿ ಜೆರುಸಲೇಮಿಗೆ ಬಲಿಕಾಣಿಕೆ ಕಳುಹಿಸಿದ ಪ್ರಸಂಗ ಅದರಲ್ಲಿದೆ. ಆದರೆ ಪ್ರೊಟೆಸ್ಟೆಂಟರು ಈ ಗ್ರಂಥವನ್ನು ದೇವವಾಕ್ಯವೆಂದು ಒಪ್ಪುವುದಿಲ್ಲ. ಅವರ ಬೈಬಲಿನಲ್ಲಿ 66 ಪುಸ್ತಕಗಳಿದ್ದರೆ ಕ್ಯಾಥೋಲಿಕರದರಲ್ಲಿ 73. ಹೀಗೆ ಪುಸ್ತಕದ ಗಡಿಯಲ್ಲೇ ದಾರಿಗಳು ಬೇರೆಯಾಗುತ್ತವೆ.

ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ಕ್ರೈಸ್ತರಲ್ಲಿ ಆದಿಕಾಲದಿಂದಲೂ ಇತ್ತು. ಅದು ಸಿದ್ಧಾಂತದ ರೂಪ ಪಡೆದದ್ದು ನಿಧಾನವಾಗಿ. ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ಸುಮಾರು ಸಾವಿರ ವರ್ಷಗಳ ಹಿಂದೆ ನವೆಂಬರ್ 2ನ್ನು ಮೃತರ ಸ್ಮರಣೆಗೆ ಮೀಸಲಿಟ್ಟರು. 1274ರ ಲಿಯೋನ್ ಮತ್ತು 1439ರ ಫ್ಲಾರೆನ್ಸ್ ಮಹಾಸಭೆಗಳು ಈ ಬೋಧನೆಯನ್ನು ಸಾರಿದವು.

ಮುಂದೆ ಇದರೊಳಗೆ ಹಣ ಸೇರಿಕೊಂಡಿತು. ರೋಮಿನ ಸಂತ ಪೇತ್ರರ ದೇವಾಲಯದ ನಿರ್ಮಾಣಕ್ಕೆಂದು ಜರ್ಮನಿಯಲ್ಲಿ ಕ್ಷಮಾಪತ್ರಗಳ ಮಾರಾಟ ನಡೆಯಿತು. ಹಣದ ಅರ್ಧ ಪಾಲು ಆರ್ಚ್‌ಬಿಷಪ್ ಆಲ್ಬ್ರೆಕ್ಟನ ಸಾಲ ತೀರಿಸಲು ಹೋಗುತ್ತಿತ್ತು. ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಬಡವರು ಕಾಸು ಕೂಡಿಸಿ ಪತ್ರ ಕೊಳ್ಳುತ್ತಿದ್ದರು. 1517ರಲ್ಲಿ ಮಾರ್ಟಿನ್ ಲೂಥರ್ ತನ್ನ 95 ವಾದಗಳಲ್ಲಿ ಇದನ್ನು ಪ್ರಶ್ನಿಸಿದ. ಆತ್ಮಗಳನ್ನು ಬಿಡಿಸುವ ಅಧಿಕಾರ ಪೋಪರಿಗೆ ಇದ್ದರೆ, ಹಣಕ್ಕಾಗಿ ಕಾಯದೆ ಪ್ರೀತಿಯಿಂದಲೇ ಎಲ್ಲರನ್ನೂ ಏಕೆ ಬಿಡಿಸಬಾರದು ಎಂಬುದು ಜನರು ಕೇಳುವ ಪ್ರಶ್ನೆಯೆಂದು ಅವನು ಬರೆದ. ಆಗ ಅವನು ಪರ್ಗೇಟರಿಯನ್ನು ಅಲ್ಲಗಳೆದಿರಲಿಲ್ಲ. 1530ರ ಹೊತ್ತಿಗೆ ಅದನ್ನೂ ತಿರಸ್ಕರಿಸಿದ. ಕ್ರಿಸ್ತನ ಬಲಿದಾನವೇ ಸಂಪೂರ್ಣವಾಗಿರುವಾಗ ಮನುಷ್ಯ ಅದಕ್ಕೆ ಸೇರಿಸಬೇಕಾದದ್ದು ಏನೂ ಇಲ್ಲ ಎಂಬುದೇ ಪ್ರೊಟೆಸ್ಟೆಂಟ್ ವಾದದ ಸಾರ.

ಕ್ಯಾಥೋಲಿಕ್ ಸಭೆಯ ಉತ್ತರ ಬಂದದ್ದು 1563ರ ಡಿಸೆಂಬರಿನಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ಸುಮಾರು ಒಂದು ವರ್ಷದ ನಂತರ ನಮ್ಮ ತಾಳಿಕೋಟೆಯ ಹೆಸರಿನ ಯುದ್ಧ ನಡೆಯಿತು. ಶುದ್ಧೀಕರಣವಿದೆ, ಅಲ್ಲಿನ ಆತ್ಮಗಳಿಗೆ ನಮ್ಮ ಪ್ರಾರ್ಥನೆ ನೆರವಾಗುತ್ತದೆ ಎಂದು ಸಭೆ ಖಚಿತಪಡಿಸಿತು. ಮೂಢನಂಬಿಕೆಯನ್ನೂ ಹಣದಾಸೆಯನ್ನೂ ದೂರವಿಡುವಂತೆ ಬಿಷಪರಿಗೆ ಆಜ್ಞಾಪಿಸಿತು. ಲೂಥರನನ್ನು ಒಪ್ಪದಿದ್ದರೂ ಅವನು ಎತ್ತಿ ತೋರಿಸಿದ ರೋಗವನ್ನು ಸಭೆ ಗುರುತಿಸಿತ್ತು.

ಈ ಭಿನ್ನಾಭಿಪ್ರಾಯ ಇಂದು ಕಾಣಿಸುವುದು ಸ್ಮಶಾನದಲ್ಲಿ. ನವೆಂಬರ್ 2 ಬಂದರೆ ಕ್ಯಾಥೋಲಿಕರು ಸಮಾಧಿಗಳನ್ನು ಸ್ವಚ್ಛಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿ ಮೃತರಿಗಾಗಿ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟೆಂಟರ ಶವಸಂಸ್ಕಾರದಲ್ಲಿ ಹಾಡು, ಉಪದೇಶ, ಮೃತರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಇರುತ್ತವೆ. ಅಲ್ಲಿನ ಪ್ರಾರ್ಥನೆ ಮುಖ್ಯವಾಗಿ ದುಃಖದಲ್ಲಿರುವ ಮನೆಯವರ ಸಾಂತ್ವನಕ್ಕಾಗಿ. ತೀರಿಕೊಂಡವರನ್ನು ದೇವರ ಕೈಗೆ ಒಪ್ಪಿಸಿದ ಮೇಲೆ ಚಿಂತಿಸಬೇಕಾಗಿಲ್ಲ ಎಂಬುದು ಅವರ ನೆಮ್ಮದಿ. ಈಗಲೂ ಅವರಿಗಾಗಿ ಏನಾದರೂ ಮಾಡಬಲ್ಲೆವು ಎಂಬುದು ಕ್ಯಾಥೋಲಿಕರ ನೆಮ್ಮದಿ.

ಮುಸ್ಲಿಮರಿಗೂ ಈ ಪ್ರಶ್ನೆ ಹೊಸದಲ್ಲ. ಜನಾಝ ನಮಾಝೇ ಮೃತರಿಗಾಗಿ ಮಾಡುವ ಪ್ರಾರ್ಥನೆ. ಮನುಷ್ಯ ಸತ್ತ ಮೇಲೂ ನಿರಂತರ ದಾನ, ಉಪಯುಕ್ತ ಜ್ಞಾನ ಮತ್ತು ಪ್ರಾರ್ಥಿಸುವ ಸಜ್ಜನ ಸಂತಾನದ ಫಲ ಅವನಿಗೆ ತಲುಪುತ್ತದೆ ಎಂಬ ಪ್ರವಾದಿ ವಚನ ಪ್ರಸಿದ್ಧ. ಆದರೂ ಫಾತಿಹಾ, ನಲ್ವತ್ತನೆಯ ದಿನದ ಆಚರಣೆಗಳ ಬಗ್ಗೆ ನಮ್ಮಲ್ಲೂ ಒಮ್ಮತವಿಲ್ಲ. ಬರ್ಝಖ್ ಮತ್ತು ಪರ್ಗೇಟರಿ ಒಂದೇ ಅಲ್ಲ. ಹಾಗಿದ್ದರೂ ಅಗಲಿದವರ ಬಗೆಗಿನ ತಳಮಳ ಎಲ್ಲರದೂ ಒಂದೇ.

ಕಾಲಾಂತರದಲ್ಲಿ ಮಾತಿನ ಬಿಸಿ ತಗ್ಗಿದೆ. ಪರ್ಗೇಟರಿ ಎಂಬುದು ಒಂದು ಸ್ಥಳವಲ್ಲ, ಅದೊಂದು ಸ್ಥಿತಿ ಎಂದು ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ವಿವರಿಸಿದರು. ಅದೇ ವರ್ಷ ಕ್ಯಾಥೋಲಿಕರೂ ಲೂಥರನ್ನರೂ ದೇವಕೃಪೆಯ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. ಪರ್ಗೇಟರಿಯ ಬಗ್ಗೆ ಮಾತ್ರ ಒಪ್ಪಂದವಾಗಿಲ್ಲ.

ಆದರೆ ಅಶುದ್ಧವಾದುದು ಯಾವುದೂ ದೇವರ ಸನ್ನಿಧಿಯನ್ನು ಸೇರದು ಎಂಬಲ್ಲಿ ಇಬ್ಬರಿಗೂ ಒಮ್ಮತವಿದೆ. ಮಗನನ್ನು ಮಣ್ಣಿಗಿಟ್ಟ ತಾಯಿಯ ದುಃಖವನ್ನು ವ್ಯಾಪಾರ ಮಾಡಿಕೊಳ್ಳಬಾರದು ಎಂಬುದನ್ನು ಇಬ್ಬರೂ ಕಷ್ಟಪಟ್ಟು ಕಲಿತರು. ಆ ಪಾಠ ಎಲ್ಲ ಧರ್ಮದವರಿಗೂ ಬೇಕಾದದ್ದು.