ಕಾಲು ಟನ್ ಟ್ರಕ್ಕಿನ ಹಿಂದಿನ ಆಕ್ಸಲ್

ಜೀಪನ್ನು ಟ್ರಕ್ಕು ಅಂದರೆ ನಗು ಬರುತ್ತದೆ. ಆದರೆ ಅಮೆರಿಕದ ಸೇನೆಯ ಕಾಗದಪತ್ರಗಳಲ್ಲಿ ಅದರ ಹೆಸರು ಇರುವುದೇ ಹಾಗೆ - ಕಾಲು ಟನ್ ಟ್ರಕ್, ನಾಲ್ಕು ಗಾಲಿಗೆ ನಾಲ್ಕೂ ಎಳೆಯುವಂಥದ್ದು. ಈ ಪುಟ್ಟ ಟ್ರಕ್ಕಿನ ಹಿಂದಿನ ಆಕ್ಸಲ್ ಬದಲಾಯಿಸಲು ಹೋಗಿ ನಾನು ಒಂದಿಷ್ಟು ಇತಿಹಾಸ ಕಲಿತೆ. ಅದನ್ನೇ ಬರೆಯುತ್ತಿದ್ದೇನೆ.

ಮಾಟುಂಗಾದಲ್ಲಿರುವ ನನ್ನ ಗೆಳೆಯರ ಬಳಿ 1944ರ ವಿಲ್ಲೀಸ್ ಜೀಪೊಂದಿದೆ. ಯುದ್ಧ ಮುಗಿದ ಮೇಲೆ ಹರಾಜಾದ 'ಡಿಸ್ಪೋಸಲ್' ಗಾಡಿ. ಮೂಡಿಗೆರೆ ಕಡೆಯ ತೋಟದಲ್ಲಿ ಅವರ ತಂದೆಯ ಕೈಯಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಲಾರಿಯ ಮೇಲೆ ಕೂತು ಮುಂಬಯಿಗೆ ಬಂತು. 2006ರಲ್ಲಿ ಅದನ್ನು ಓಡುವ ಹಾಗೆ ಮಾಡಿದೆವು. ಮೊದಲ ಸಲ ನಾಲ್ಕು ಜನ ಕೂತು ಖಂಡಾಲಾ ಘಾಟಿ ಹತ್ತಿದಾಗ ಎಂಜಿನ್ ಏದುಸಿರು ಬಿಟ್ಟಿತು. ಲಾರಿಗಳೂ ನಮ್ಮನ್ನು ದಾಟಿ ಹೋದವು. ಅರುವತ್ತು ಅಶ್ವಶಕ್ತಿಯ ಎಂಜಿನ್ ಅದು, ಪಾಪ.

"ಹಿಂದಿನ ಆಕ್ಸಲ್ ತೆಗೆದು ಆಮೇಲಿನ ಸಿವಿಲ್ ಜೀಪಿನದ್ದು ಹಾಕಿಬಿಡೋಣ" ಅಂದೆ ನಾನು. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿಗಳಲ್ಲಿ ಅಂಥವು ಬೇಕಾದಷ್ಟಿದ್ದವು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1940ರಲ್ಲಿ ಅಮೆರಿಕದ ಸೇನೆ ತನಗೊಂದು ಹಗುರ ಗಾಡಿ ಬೇಕು ಅಂತ ಕೇಳಿದಾಗ, ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದೇ ಸೆಪ್ಟೆಂಬರ್ 23ಕ್ಕೆ ಮೊದಲ ಮಾದರಿ ತಂದು ನಿಲ್ಲಿಸಿತು. ಕೊಟ್ಟ ಗಡುವು 49 ದಿನ! ಅಷ್ಟರಲ್ಲಿ ಹೊಸ ಆಕ್ಸಲ್ ಎರಕ ಹೊಯ್ಯುವುದಕ್ಕೆ ಪುರುಸೊತ್ತೆಲ್ಲಿ? ಹಾಗಾಗಿ ಸ್ಪೈಸರ್ ಕಂಪನಿ ಸ್ಟುಡಿಬೇಕರ್ ಚಾಂಪಿಯನ್ ಎಂಬ ಕಾರಿನ ಆಕ್ಸಲನ್ನೇ ತಿದ್ದಿ ಕೊಟ್ಟಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದಾಗ ಹಿಂದೆ ಕೂತದ್ದು ಸ್ಪೈಸರ್‌ನ 23-2 ಎಂಬ ಆಕ್ಸಲ್.

ಇದು 'ಫುಲ್ ಫ್ಲೋಟಿಂಗ್' ಜಾತಿಯದು. ಗಾಡಿಯ ಭಾರವನ್ನೆಲ್ಲ ಹೊರಗಿನ ಕೊಳವೆಯಂಥ ಹೌಸಿಂಗ್ ಮತ್ತು ಹಬ್‌ನ ಬೇರಿಂಗುಗಳೇ ಹೊರುತ್ತವೆ. ಒಳಗಿನ ಶಾಫ್ಟಿಗೆ ಗಾಲಿ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ಮುರಿದರೂ ಗಾಲಿ ಜಾಗ ಬಿಟ್ಟು ಕದಲುವುದಿಲ್ಲ. ಆರು ಬೋಲ್ಟ್ ಬಿಚ್ಚಿ ಮುರಿದದ್ದನ್ನು ಎಳೆದು ಹಾಕಿ, ಮುಂದಿನ ಗಾಲಿಗಳ ಗೇರು ಹಾಕಿಕೊಂಡು ಮನೆಗೆ ಬರಬಹುದು. ಗುಂಡು ಹಾರುವ ಕಡೆ ಅದು ಎಷ್ಟು ದೊಡ್ಡ ವಿಷಯ ಅಂತ ನೀವೇ ಯೋಚಿಸಿ.

1945ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ವಿಲ್ಲೀಸ್ ಕಂಪನಿ ರೈತರ ಕಡೆ ತಿರುಗಿತು. ಸಿಜೆ-2ಎ ಎಂಬ ಸಿವಿಲ್ ಜೀಪು ಬಂತು. ರೈತನಿಗೆ ವೇಗ ಬೇಡ, ಎಳೆತ ಬೇಕು. ಸೇನೆಯ ಜೀಪಿನ ಆಕ್ಸಲ್‌ನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಅಂದರೆ ಗಾಲಿ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 4.88 ಸುತ್ತು ತಿರುಗಬೇಕು. ಸಿವಿಲ್ ಜೀಪಿನಲ್ಲಿ ಕ್ರೌನಿಗೆ 43 ಹಲ್ಲು ಮಾಡಿ ಅದನ್ನು 5.38ಕ್ಕೆ ಏರಿಸಿದರು. ಎಳೆತ ನೂರಕ್ಕೆ ಹತ್ತರಷ್ಟು ಹೆಚ್ಚಿತು, ವೇಗ ಅಷ್ಟೇ ಹೆಚ್ಚುಕಡಿಮೆ ತಗ್ಗಿತು. ಮೊದಲ ಕೆಲವು ಸಾವಿರ ಸಿವಿಲ್ ಜೀಪುಗಳಿಗೆ ಹಳೆಯ ಫುಲ್ ಫ್ಲೋಟಿಂಗ್ ಆಕ್ಸಲ್ಲೇ ಇತ್ತು. ಆಮೇಲೆ ಬಂದದ್ದು 'ಸೆಮಿ ಫ್ಲೋಟಿಂಗ್' - ಬಿಡಿಭಾಗ ಕಡಿಮೆ, ಗೇರು ದಪ್ಪ. ಆದರೆ ಇಲ್ಲಿ ಶಾಫ್ಟೇ ಗಾಲಿಯನ್ನೂ ತಿರುಗಿಸಬೇಕು, ಭಾರವನ್ನೂ ಹೊರಬೇಕು. ಹೊರತುದಿಯಲ್ಲಿ ಮುರಿದರೆ ಗಾಲಿಯೇ ಕಳಚಿಕೊಂಡು ಹೋಗುತ್ತದೆ.

ನಮ್ಮ ದೇಶಕ್ಕೆ ಬಂದದ್ದು ಈ ಸಿವಿಲ್ ವಂಶ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹಣಕಾಸು ಮಂತ್ರಿ, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಕಂಪನಿಯ ಹೆಸರು 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. (ಜೀಪಿನ ಕಥೆಯಲ್ಲಿ ದೇಶವಿಭಜನೆಯೂ ಬಂತು ನೋಡಿ.) ಕುರ್ಲಾದಲ್ಲಿ ರಾಶಿ ಬಿದ್ದಿದ್ದ ಆಕ್ಸಲ್‌ಗಳ ಮೂಲ ಇದು.

ಒಂದನ್ನು ಆರಿಸಿ, ದರ ಕುದುರಿಸಿ, ಟೆಂಪೋ ಕೂಡ ಗೊತ್ತುಮಾಡಿದ್ದಾಗಿತ್ತು. ಗ್ಯಾರೇಜಿನ ಮಿಸ್ತ್ರಿ ವಿಜಾಪುರ ಕಡೆಯವರು, ವಯಸ್ಸಾದವರು. ನನ್ನ ಮಾತೆಲ್ಲ ಕೇಳಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಸಾಹೇಬ್ರ, ಹಿಂದಿಂದಷ್ಟ ಬದಲ್ ಮಾಡ್ತೀರಿ. ಮುಂದಿಂದು ಏನ್ ಮಾಡವ್ರು?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಹಿಂದೆ 5.38, ಮುಂದೆ 4.88 ಇದ್ದು ನಾಲ್ಕೂ ಗಾಲಿಯ ಗೇರು ಹಾಕಿದರೆ ಮುಂದಿನದು ಒಂದು ವೇಗ, ಹಿಂದಿನದು ಇನ್ನೊಂದು. ಎರಡನ್ನೂ ಟ್ರಾನ್ಸ್‌ಫರ್ ಕೇಸ್ ಬಿಗಿಯಾಗಿ ಕಟ್ಟಿ ಹಾಕಿರುತ್ತದೆ. ಕೆಸರಿನಲ್ಲಾದರೆ ಗಾಲಿ ಜಾರಿ ಹೇಗೋ ಸರಿದೂಗೀತು. ಗಟ್ಟಿ ರಸ್ತೆಯಲ್ಲಿ ಯಾವುದೋ ಒಂದು ಹಲ್ಲು ಮುರಿಯಲೇಬೇಕು. ಎರಡೆತ್ತಿನ ಗಾಡಿಗೆ ಒಂದು ಎತ್ತು, ಒಂದು ಕುದುರೆ ಕಟ್ಟಿದ ಹಾಗೆ.

ಗೆಳೆಯರು ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. ಅವರು ಹುಡುಗನಾಗಿದ್ದಾಗ ಒಂದು ಮಳೆಗಾಲ ಕಾಫಿ ಮೂಟೆ ಹೇರಿಕೊಂಡು ಬರುವಾಗ ಇದೇ ಜೀಪಿನ ಶಾಫ್ಟ್ ಮುರಿದಿತ್ತಂತೆ. ಪಕ್ಕದಲ್ಲೇ ಕಣಿವೆ. ಗಾಲಿ ಕಳಚಲಿಲ್ಲ. ತಂದೆಯವರು ಮಳೆಯಲ್ಲೇ ಬೋಲ್ಟ್ ಬಿಚ್ಚಿ, ಮುಂದಿನ ಗಾಲಿಗಳ ಎಳೆತದಲ್ಲೇ ಮನೆ ಮುಟ್ಟಿಸಿದರಂತೆ. "ಈ ಆಕ್ಸಲ್ ಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ ಮಾರಾಯ" ಅಂದರು. ನಾನು ಆವತ್ತೇ ಟೆಂಪೋದವನಿಗೆ ಬೇಡ ಅಂದೆ.

ದಾರಿ ತೋರಿಸಿದ್ದು ಆ ಮೊದಲ ಕೆಲವು ಸಾವಿರ ಸಿವಿಲ್ ಜೀಪುಗಳೇ. ಹಳೇ ಹೌಸಿಂಗಿನೊಳಗೆ 43 ಹಲ್ಲಿನ ಕ್ರೌನ್ ಕೂರುತ್ತದೆ ಅನ್ನುವುದಕ್ಕೆ ಅವೇ ಸಾಕ್ಷಿ. ಮುಂದಕ್ಕೂ ಹಿಂದಕ್ಕೂ ಎರಡು ಜೊತೆ ಕ್ರೌನ್-ಪಿನಿಯನ್ ಹುಡುಕಲು ಏಳು ತಿಂಗಳು ಹಿಡಿಯಿತು. ಮುಂದಿನದು ಬೇಗ ಸಿಕ್ಕಿತು, ಹಿಂದಿನದಕ್ಕೇ ಜೀವ ಹೋಯಿತು. ಹಲ್ಲಿಗೆ ಬಣ್ಣ ಬಳಿದು, ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆ ನೋಡಿ, ತೆಳ್ಳನೆಯ ಶಿಮ್ ಸೇರಿಸಿ, ಮತ್ತೆ ಬಿಚ್ಚಿ... ಮಿಸ್ತ್ರಿ ಮೂರು ದಿನ ಅದನ್ನೇ ಮಾಡಿದರು.

ಮುಂದಿನ ಚಳಿಗಾಲ ಅದೇ ಘಾಟಿ, ಅದೇ ನಾಲ್ಕು ಜನ. ಸೆಕೆಂಡ್ ಗೇರಿನಲ್ಲೇ ಹತ್ತಿತು. ಲಾರಿಗಳು ಈಗಲೂ ದಾಟುತ್ತವೆ, ಅದು ಬೇರೆ ಮಾತು. ಸ್ಪೀಡೋಮೀಟರಿನ ತಂತಿ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಹಾಗಾಗಿ ಐವತ್ತರಲ್ಲಿ ಹೋಗುತ್ತಿದ್ದರೂ ಮುಳ್ಳು ಐವತ್ತೈದು ತೋರಿಸುತ್ತದೆ. ಗೆಳೆಯರು ಅದನ್ನು ಸರಿಮಾಡಿಸಿಲ್ಲ, ಹೊಸಬರು ಕೂತಾಗ ಅದನ್ನೇ ತೋರಿಸುತ್ತಾರೆ. ಬಿಚ್ಚಿದ ಹಳೇ ಕ್ರೌನು ಗ್ರೀಸ್ ಬಳಿದು ಗೋಣಿಯಲ್ಲಿ ಸುತ್ತಿ ಅವರ ಮಂಚದ ಕೆಳಗಿದೆ.