ರಿಕ್‌ವುಡ್ ಕ್ರೀಡಾಂಗಣದ ಉಳಿವು: ಒಂದು ಕಾರಣವಿಚಾರ

ಅಮೆರಿಕದ ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿರುವ ರಿಕ್‌ವುಡ್ ಫೀಲ್ಡ್, ಆ ದೇಶದಲ್ಲಿ ಇಂದಿಗೂ ನಿಂತಿರುವ ವೃತ್ತಿಪರ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ ಅತ್ಯಂತ ಪ್ರಾಚೀನವಾದುದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಕಬ್ಬಿಣದ ಉದ್ಯಮಿ ರಿಕ್ ವುಡ್‌ವರ್ಡ್ ಮೈನರ್ ಲೀಗಿನ ಬ್ಯಾರನ್ಸ್ ತಂಡವನ್ನು ಕೊಂಡು, ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡನ್ನು ಮಾದರಿಯಾಗಿಟ್ಟುಕೊಂಡು, ಬೇಸ್‌ಬಾಲ್ ತಂಡದ ವ್ಯವಸ್ಥಾಪಕ ಕಾನಿ ಮ್ಯಾಕ್ ಅವರ ಸಲಹೆಯನ್ನೂ ಪಡೆದು, ಉಕ್ಕು ಕಾಂಕ್ರೀಟುಗಳಿಂದ ಇದನ್ನು ಕಟ್ಟಿಸಿದನು; 1910ರ ಆಗಸ್ಟ್ 18ರಂದು ಮೊದಲ ಆಟ ನಡೆಯಿತು. 1928ರಲ್ಲಿ ಮುಂಭಾಗದ ಮಹಾದ್ವಾರವೂ ಮೈದಾನವನ್ನು ಸುತ್ತುವರಿದ ಕಾಂಕ್ರೀಟಿನ ಹೊರಗೋಡೆಯೂ ನಿರ್ಮಿತವಾದುವು. 1936ರಲ್ಲಿ ದೀಪಸ್ತಂಭಗಳು ಬಂದುವು. ಬ್ಯಾರನ್ಸ್ ಪರಸ್ಥಳಕ್ಕೆ ಹೋದ ದಿನಗಳಲ್ಲಿ ಕರಿಯರ ಲೀಗಿನ ಬ್ಲ್ಯಾಕ್ ಬ್ಯಾರನ್ಸ್ ತಂಡ ಇಲ್ಲಿ ಆಡುತ್ತಿತ್ತು. 1948ರಲ್ಲಿ ಇನ್ನೂ ಶಾಲಾಬಾಲಕನಾಗಿದ್ದ ವಿಲೀ ಮೇಸ್, ಪೈಪರ್ ಡೇವಿಸ್ ಅವರ ನಾಯಕತ್ವದಲ್ಲಿ ಆ ತಂಡದ ಪರವಾಗಿ ಆಡಿದುದೂ ಇದೇ ನೆಲದ ಮೇಲೆ. ಇಲ್ಲಿಯವರೆಗೆ ವಿವಾದವಿಲ್ಲ.

ವಿವಾದವಿರುವುದು, ಇದು ಉಳಿದುದೇಕೆ ಎಂಬ ಒಂದೇ ಪ್ರಶ್ನೆಯಲ್ಲಿ. ಪ್ರಚಲಿತವಾದ ಉತ್ತರವು ಜನರ ಅಭಿಮಾನವನ್ನೂ, 1992ರಲ್ಲಿ ಹುಟ್ಟಿದ ಫ್ರೆಂಡ್ಸ್ ಆಫ್ ರಿಕ್‌ವುಡ್ ಸಂಸ್ಥೆಯ ಶ್ರಮವನ್ನೂ ಮುಂದೊಡ್ಡುತ್ತದೆ. ಆ ಶ್ರಮ ದೊಡ್ಡದು. ಅದಕ್ಕೆ ಸಲ್ಲಬೇಕಾದ ಗೌರವವನ್ನು ಕಡಮೆ ಮಾಡುವುದು ನನ್ನ ಉದ್ದೇಶವಲ್ಲ. ಆದರೆ 1992ರಲ್ಲಿ ರಕ್ಷಿಸಲು ಒಂದು ಕಟ್ಟಡವೇ ಇರಬೇಕಾಗಿದ್ದಿತಷ್ಟೆ? ಅದಕ್ಕೆ ಹಿಂದಿನ ಮೂವತ್ತು ವರ್ಷಗಳಲ್ಲಿ ಅದನ್ನು ಕೆಡವದೆ ಬಿಟ್ಟ ಕಾರಣವೇನೆಂಬುದನ್ನು ಈ ಉತ್ತರ ಹೇಳುವುದಿಲ್ಲ. ಅಭಿಮಾನವೊಂದೇ ಸಾಕಾಗುತ್ತಿದ್ದರೆ ದಕ್ಷಿಣದ ಇತರ ನಗರಗಳಲ್ಲಿಯೂ ಅದರ ಫಲ ಕಾಣಬೇಕಾಗಿದ್ದಿತು. ಬ್ಯಾರನ್ಸ್ ಸೇರಿದ್ದ ಸದರ್ನ್ ಅಸೋಸಿಯೇಷನ್ನಿನ ಕ್ರೀಡಾಂಗಣಗಳ ಗತಿಯನ್ನು ನೋಡೋಣ: ನ್ಯೂ ಆರ್ಲಿಯನ್ಸಿನ ಪೆಲಿಕನ್ ಸ್ಟೇಡಿಯಂ 1957ರಲ್ಲಿ ನೆಲಸಮವಾಯಿತು, ಮೆಂಫಿಸ್ಸಿನ ರಸ್‌ವುಡ್ ಪಾರ್ಕ್ 1960ರ ಈಸ್ಟರ್ ರಾತ್ರಿ ಬೆಂಕಿಗೆ ಆಹುತಿಯಾಯಿತು, ಅಟ್ಲಾಂಟಾದ ಪಾನ್ಸ್ ಡಿ ಲಿಯೋನ್ 1966ರಲ್ಲಿಯೂ ನ್ಯಾಶ್‌ವಿಲ್ಲಿನ ಸಲ್ಫರ್ ಡೆಲ್ 1969ರಲ್ಲಿಯೂ ಹೋದುವು. ಈ ಊರುಗಳ ಜನರಿಗೆ ತಮ್ಮ ಮೈದಾನಗಳ ಮೇಲೆ ಪ್ರೀತಿಯಿರಲಿಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ.

ಇವುಗಳಲ್ಲಿ ಅಟ್ಲಾಂಟಾದ ನಿದರ್ಶನವೇ ನಮಗೆ ಮುಖ್ಯ. ಪಾನ್ಸ್ ಡಿ ಲಿಯೋನ್ ಕೂಡ 1923ರ ಬೆಂಕಿಯ ತರುವಾಯ ಉಕ್ಕು ಕಾಂಕ್ರೀಟುಗಳಿಂದ ಮರುನಿರ್ಮಿತವಾದುದಾದ ಕಾರಣ, ರಿಕ್‌ವುಡ್ ತನ್ನ ಗಟ್ಟಿತನದಿಂದಲೇ ಬದುಕಿತೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಟ್ಲಾಂಟಾ 1965ರ ಹೊತ್ತಿಗೆ ಹೊಸ ಸ್ಟೇಡಿಯಂ ಕಟ್ಟಿ, ಮರುವರ್ಷ ಮಿಲ್ವಾಕಿಯ ಬ್ರೇವ್ಸ್ ತಂಡವನ್ನು ಬರಮಾಡಿಕೊಂಡಿತು, ಹಳೆಯದು ಅನಾವಶ್ಯಕವಾಯಿತು. ಬರ್ಮಿಂಗ್‌ಹ್ಯಾಮಿಗೆ ಮೇಜರ್ ಲೀಗಿನ ತಂಡ ಎಂದೂ ಬರಲಿಲ್ಲ. ಬಿಳಿಯರೂ ಕರಿಯರೂ ಕೂಡಿ ಆಡಬಾರದೆಂದು 1950ರಲ್ಲಿ ಶಾಸನ ಮಾಡಿ, 1954ರ ಜನವರಿಯಲ್ಲಿ ಅದನ್ನು ಬೇಸ್‌ಬಾಲಿನ ಮಟ್ಟಿಗೆ ಸಡಿಲಿಸಿ, ಅದೇ ವರ್ಷದ ಜೂನ್‌ನಲ್ಲಿ ಮತದಾನದ ಮೂಲಕ ಮತ್ತೆ ಬಿಗಿಗೊಳಿಸಿದ ನಗರ ಅದು. ಒಂದು ಕಾಲದಲ್ಲಿ ಬ್ಯಾರನ್ಸ್ ಆಟಗಳನ್ನು ರೇಡಿಯೋದಲ್ಲಿ ವರ್ಣಿಸಿ ಜನಪ್ರಿಯನಾಗಿದ್ದ ಬುಲ್ ಕಾನರ್, 1963ರಲ್ಲಿ ನಗರದ ಪೋಲೀಸರ ಮೇಲಧಿಕಾರಿಯಾಗಿ, ವರ್ಣಭೇದವನ್ನು ಪ್ರತಿಭಟಿಸುತ್ತಿದ್ದ ಮಕ್ಕಳ ಮೇಲೆ ಪೋಲೀಸು ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಡಿಸಿದುದು ಅದೇ ನಗರದಲ್ಲಿ. ಕರಿಯ ಆಟಗಾರರನ್ನು ಸೇರಿಸಿಕೊಳ್ಳಲೊಲ್ಲದ ಸದರ್ನ್ ಅಸೋಸಿಯೇಷನ್ 1961ರೊಂದಿಗೆ ಅಳಿಯಿತು. ಎರಡು ವರ್ಷ ರಿಕ್‌ವುಡ್ಡಿನಲ್ಲಿ ವೃತ್ತಿಪರ ತಂಡವೇ ಇರಲಿಲ್ಲ. 1964ರಲ್ಲಿ ಬಿಳಿಯರೂ ಕರಿಯರೂ ಕೂಡಿದ ತಂಡವಾಗಿ ಬ್ಯಾರನ್ಸ್ ಮರಳಿತಾದರೂ 1976ರಿಂದ 1980ರವರೆಗೆ ಮತ್ತೆ ಬರಿದು. 1987ರ ಬಳಿಕ ಹೊಸ ಕ್ರೀಡಾಂಗಣ ಬಂದುದೂ ಈ ಸ್ಥಳದಲ್ಲಲ್ಲ, ಬಿಳಿಯ ಜನ ಹೆಚ್ಚಾಗಿ ವಲಸೆ ಹೋಗಿದ್ದ ಹೂವರ್ ಉಪನಗರದಲ್ಲಿ.

ಆದುದರಿಂದ ನನ್ನ ಸಿದ್ಧಾಂತವಿದು: ನಗರದ ಪ್ರಗತಿಯನ್ನು ತಡೆದ ಅದೇ ವರ್ಣದ್ವೇಷವೇ, ಯಾರೂ ಉದ್ದೇಶಿಸದೆ, ಈ ಕಟ್ಟಡವನ್ನು ಪ್ರಗತಿಯ ಗುದ್ದಲಿಯಿಂದ ಕಾಪಾಡಿತು. ಇದನ್ನು ಬರೆಯುವುದು ಮನಸ್ಸಿಗೆ ಹಿತವಲ್ಲ. ಬ್ಯಾರನ್ಸ್ ಆಟದ ದಿನ ಕರಿಯ ಪ್ರೇಕ್ಷಕರು ಕುಳ್ಳಿರಬೇಕಾಗಿದ್ದ ಬಲಮೂಲೆಯ ಗ್ಯಾಲರಿಯ ವಿಷಯ ತಿಳಿದವರಿಗಂತೂ ಅಲ್ಲವೇ ಅಲ್ಲ. ಹಾಗೆಂದು ಇದನ್ನು ಏಕೈಕ ಕಾರಣವೆಂದು ನಾನು ಪ್ರತಿಪಾದಿಸಲಾರೆ. ನ್ಯಾಶ್‌ವಿಲ್ಲಿಗೂ ಆಗ ಮೇಜರ್ ಲೀಗಿನ ತಂಡ ದೊರೆಯಲಿಲ್ಲ, ಆದರೂ ಸಲ್ಫರ್ ಡೆಲ್ ಉಳಿಯಲಿಲ್ಲ. ಮೆಂಫಿಸ್ಸಿನ ಬೆಂಕಿ ಕೇವಲ ದೈವಯೋಗ. ನಗರದ ನಿಶ್ಚಲತೆ ಕಟ್ಟಡ ಉಳಿಯುವ ಅವಕಾಶವನ್ನು ಮಾತ್ರ ಕೊಟ್ಟಿರಬಹುದು. 1928ರ ಹೊರಗೋಡೆ ಈಗಿನ ಬೇಲಿಯ ಹಿಂದೆ ಇಂದಿಗೂ ನಿಂತಿರುವುದು, ಅದರ ಮೇಲೆ 1948ರಲ್ಲಿ ವಾಲ್ಟ್ ಡ್ರೋಪೊ ಎಂಬ ಆಟಗಾರ ಹೊಡೆದ ಚೆಂಡು ತಾಗಿದ ಸ್ಥಳವನ್ನು ಗುರುತಿಸಿ ಕಾಯ್ದಿರುವುದು, ಅಭಿಮಾನಿಗಳ ಕೆಲಸವೇ ಸರಿ.

ವಿಚಾರಕ್ಕೆ ಬಾಕಿಯಿರುವ ಅಂಶಗಳು ಎರಡು. ಬ್ಲ್ಯಾಕ್ ಬ್ಯಾರನ್ಸ್ ಕೊಟ್ಟ ಬಾಡಿಗೆ ಮೈದಾನದ ಮಾಲೀಕರ ಆದಾಯದಲ್ಲಿ ಎಷ್ಟು ಪಾಲಾಗಿತ್ತೆಂಬುದು ಮೊದಲನೆಯದು. ಆ ಪಾಲು ಗಣನೀಯವೆಂದು ತೋರಿಬಂದರೆ, ರಿಕ್‌ವುಡ್ಡಿನ ಚರಿತ್ರೆಯನ್ನು ಬಿಳಿಯರ ತಂಡದ ಚರಿತ್ರೆಯಾಗಿ ಬರೆದು ಇನ್ನೊಂದನ್ನು ಅನುಬಂಧಕ್ಕೆ ತಳ್ಳುವ ಪದ್ಧತಿಯನ್ನು ಬಿಡಬೇಕಾಗುವುದು. ಎರಡನೆಯದು ಚಟ್ಟನೂಗಾದ ಎಂಗಲ್ ಸ್ಟೇಡಿಯಂ. 1930ರದಾದ ಅದೂ, ಅದೇ ಸದರ್ನ್ ಅಸೋಸಿಯೇಷನ್ ಅಳಿದ ಮೇಲೂ ಉಳಿದು ಬಂದಿದೆ. ಅಲ್ಲಿಗೆ ನನ್ನ ವಾದ ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದನ್ನು ಆ ನಗರದ ಭೂವ್ಯವಹಾರಗಳನ್ನು ಬಲ್ಲವರು ಪರಿಶೀಲಿಸಬೇಕು.