ಗವಿಮಠದ ಶಾಸನದಲ್ಲಿ ಅಶೋಕನ ಹೆಸರೆಲ್ಲಿದೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ತರುಣ ತರುಣಿಯರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೂರುತ್ತಾರೆ. ಅಲ್ಲಿ ಒಂದು ಹೇಳಿಕೆ ಕೊಟ್ಟು, ಅದರಲ್ಲಿ ಅಡಗಿರುವ ಗೃಹೀತ ಯಾವುದೆಂದು ಕೇಳುವುದುಂಟು. ಬಾಯಿಬಿಟ್ಟು ಹೇಳದೆ, ನಿಜವೆಂದು ಒಪ್ಪಿಕೊಂಡೇ ಮುಂದೆ ಸಾಗುವ ಮಾತು ಗೃಹೀತ. ಪತ್ತೆಹಚ್ಚುವ ಉಪಾಯ ಸರಳ. ಆ ಮಾತು ಸುಳ್ಳೆಂದು ಭಾವಿಸಿ ನೋಡಬೇಕು. ವಾದ ಕುಸಿದರೆ ಅದೇ ಗೃಹೀತ. ಇದಕ್ಕೆ ಉತ್ತಮ ಉದಾಹರಣೆ ಕೊಪ್ಪಳದ ಬಂಡೆಯ ಮೇಲೆಯೇ ಇದೆ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ 1931ರಲ್ಲಿ ಬ್ರಾಹ್ಮಿ ಲಿಪಿಯ ಎರಡು ಶಾಸನಗಳು ಬೆಳಕಿಗೆ ಬಂದವು. ಅವು ಅಶೋಕನವು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಗವಿಮಠದ ಶಾಸನದಲ್ಲಿ ಅಶೋಕನ ಹೆಸರಿಲ್ಲ. ದೇವತೆಗಳಿಗೆ ಪ್ರಿಯನಾದವನು ಎಂಬರ್ಥದ ‘ದೇವಾನಂಪಿಯ’ ಎಂಬ ಬಿರುದಷ್ಟೇ ಇದೆ.

ಬಿರುದು ದೇವಾನಂಪಿಯ, ಆದ್ದರಿಂದ ಅರಸ ಅಶೋಕ ಎಂದರೆ, ಆ ಬಿರುದು ಅವನೊಬ್ಬನದೇ ಎಂದು ಗ್ರಹಿಸಿದಂತಾಯಿತು. ಅದು ನಿಜವಲ್ಲ. ಸಿಂಹಳದ ಅರಸ ತಿಸ್ಸನಿಗೂ ಆ ಬಿರುದಿತ್ತು. ಅಶೋಕನ ಮೊಮ್ಮಗ ದಶರಥನೂ ಬಿಹಾರದ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ಅದನ್ನೇ ಬಳಸಿದ್ದಾನೆ. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಕೂಡ ಮೊದಲು ಈ ಅರಸ ಸಿಂಹಳದವನೆಂದೇ ತಿಳಿದಿದ್ದರು. ಅಶೋಕನಿಗೆ ಪಿಯದಸ್ಸಿ ಎಂಬ ಹೆಸರೂ ಇತ್ತೆಂದು ಸಿಂಹಳದ ‘ದೀಪವಂಸ’ದಿಂದ ತೋರಿಸಿ ದಾರಿ ತಿದ್ದಿದವರು ಜಾರ್ಜ್ ಟರ್ನರ್.

ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು ಎಂದು ಅರಸ ತನ್ನ ಬಗ್ಗೆ ಹೇಳಿಕೊಂಡ ಮಾತು ಮಸ್ಕಿಯಲ್ಲೂ ಇದೆ, ಗವಿಮಠದಲ್ಲೂ ಇದೆ. ಇಬ್ಬರು ಅರಸರು ಇದೇ ಮಾತನ್ನು ಹೀಗೆಯೇ ಕೆತ್ತಿಸಿರಲಾರರು ಎಂಬುದೂ ಗೃಹೀತವೇ. ಆದರೆ ಇದು ಗಟ್ಟಿಯಾದದ್ದು.

ಟೊಳ್ಳು ಗೃಹೀತಗಳೂ ಇವೆ. ಶಾಸನ ಪ್ರಾಕೃತದಲ್ಲಿದೆ, ಆದ್ದರಿಂದ ಅಂದು ಇಲ್ಲಿ ಕನ್ನಡವಿರಲಿಲ್ಲ ಎನ್ನುವವರಿದ್ದಾರೆ. ಅರಸನ ಆಜ್ಞೆಯ ಭಾಷೆಯೇ ಜನರ ಮನೆಮಾತು ಎಂದು ಅವರು ಹೇಳದೆಯೇ ಒಪ್ಪಿಕೊಂಡಿರುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥದೇ ಶಾಸನ ಬರೆದ ಚಪಡನೆಂಬ ಲಿಪಿಕಾರ, ತನ್ನ ಕಸುಬಿನ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬ್ರಹ್ಮಗಿರಿಯ ಜನ ಖರೋಷ್ಠಿ ಓದುತ್ತಿದ್ದರು ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಗವಿಮಠದ ಬಂಡೆ ಹೇಳುವುದು ಅರಸನ ಮಾತನ್ನು. ಆ ಬೆಟ್ಟದ ಕೆಳಗೆ ಉಳುಮೆ ಮಾಡುತ್ತಿದ್ದವನು ಯಾವ ಭಾಷೆಯಲ್ಲಿ ಎತ್ತುಗಳನ್ನು ಕರೆಯುತ್ತಿದ್ದ ಎಂಬುದನ್ನು ಅದು ಹೇಳುವುದಿಲ್ಲ. ಅದರ ಮೌನವನ್ನು ಉತ್ತರವೆಂದು ತಿಳಿಯಬಾರದು.